ಅಟ್ಟದ ಏಣಿ

ಕುಸ್ತಿ, ಬಾಕ್ಸಿಂಗ್, ಕರಾಟೆ ಎಲ್ಲವನ್ನೂ ಬೆರೆಸಿ ಆಡುವ ಫೈಟು ತಿಪಟೂರಿನಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಸಿ.ಡಿ.ಗಳಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನನಗೂ ನನ್ನ ಗೆಳೆಯನಿಗೂ ಇಪ್ಪತ್ತೆರಡು. ಅವನು ಲಾರಿ ಮೆಕ್ಯಾನಿಕ್ಕಿನ ಮಗ, ಪೇಟೆಯಲ್ಲಿ ಅವರ ಗ್ಯಾರೇಜು. ನಮ್ಮದು ಬಿಳಿಗೆರೆ ಕಡೆ ತೋಟದ ಮನೆ. ಹೊಡೆದಾಡುವವನು ಅವನು, ಅವನ ಮೈ ಹುರಿಗೊಳಿಸುವ ಗುರು ನಾನು. ಗುರು ಅಂತ ನನ್ನನ್ನು ಯಾರೂ ನೇಮಿಸಿರಲಿಲ್ಲ. ನಾಲ್ಕು ಸಿ.ಡಿ. ನೋಡಿ, ಎರಡು ಇಂಗ್ಲಿಷ್ ಪತ್ರಿಕೆ ತಿರುವಿ, ಅರ್ಧ ಅರ್ಥಮಾಡಿಕೊಂಡು ಇನ್ನರ್ಧ ಊಹಿಸಿಕೊಂಡು ನಾನೇ ಆಗಿಬಿಟ್ಟಿದ್ದೆ.

ಜಂಬಕ್ಕೆ ಕಾರಣವೂ ಇತ್ತೆನ್ನಿ. ಹಳೆಯ ಲಾರಿ ಟೈರನ್ನು ಅವನ ಕೈಲಿ ತೋಟದ ಉದ್ದಕ್ಕೂ ಎತ್ತಿ ಮಗುಚಿಸಿದೆ. ತೆಂಗಿನಕಾಯಿ ಚೀಲ ಹೊರಿಸಿ ಕೆರೆ ಏರಿಯ ಮೇಲೆ ಓಡಿಸಿದೆ. ಮುಂಗೈ ಗಟ್ಟಿಯಾಗಲೆಂದು ನೆಲಕ್ಕೆ ನೆಟ್ಟ ಕಬ್ಬಿಣದ ಗೂಟದಲ್ಲಿ ದಿನಾ ಕಾಯಿ ಸುಲಿಸಿದೆ. "ನಮ್ ತ್ವಾಟದ ಕೆಲ್ಸನೆಲ್ಲ ಅವನ ಕೈಲೇ ಮಾಡುಸ್ತೀಯಲ್ಲಾ, ಕೂಲಿ ಯಾರಪ್ಪ ಕೊಡೋರು?" ಅಂತ ಅಮ್ಮ ರೇಗಿಸುತ್ತಿದ್ದಳು. ಅವನು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ.

ಬೆಂಗಳೂರಿನಲ್ಲಿ ಪಂದ್ಯ ಗೊತ್ತಾಯಿತು. ತೂಕ ಅರವತ್ತೈದು ಕೆಜಿ ಮೀರಬಾರದು. ಮೂರು ದಿನ ಮುಂಚೆ ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರೆ ಅರವತ್ತೊಂಬತ್ತು! ಅಷ್ಟೂ ದಿನ ಮುದ್ದೆಯ ಲೆಕ್ಕ ಇಡದ ಗುರು ಆಗ ಕಣ್ಣು ಬಿಟ್ಟ.

ಮೈಯ ನೀರು ಇಳಿಸಿದರೆ ತೂಕ ಇಳಿಯುತ್ತದೆ ಎಂದು ಓದಿದ್ದೆ. ಎಲ್ಲಿಗೆ ನಿಲ್ಲಿಸಬೇಕೆಂದು ಓದಿರಲಿಲ್ಲ. ನೀರು ಬತ್ತಿಸುವ ಜಾಗವನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದಲ್ಲಿ ವರ್ಷ ಬಿಟ್ಟರೆ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಅನ್ನುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೆಂಚಿನ ಕೆಳಗಿನ ಆ ಅಟ್ಟಕ್ಕೆ ಅವನನ್ನು ಹತ್ತಿಸಿದೆ. ಮೈಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಸ್ವೆಟರ್. ಹಿಂದಿನ ದಿನದಿಂದ ಹನಿ ನೀರು ಕೊಟ್ಟಿರಲಿಲ್ಲ. ಮನೆಯವರೆಲ್ಲ ಮದುವೆಗೆ ಹೋಗಿದ್ದರು.

"ಏಣಿ ತೆಕ್ಕೊಂಡ್ಬುಡ್ಲಾ. ಇಲ್ಲಾಂದ್ರೆ ಇಳ್ದು ಕುಡ್ದ್ಬುಡ್ತೀನಿ," ಅಂದವನು ಅವನೇ. ತೆಗೆದೆ. ಅವನು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ಆಮೇಲೆ ತನ್ನ ತಲೆಯನ್ನೂ ಅಲ್ಲಾಡಿಸಿ, "ನಂದಿನ್ನೂ ಬಿಟ್ಕೊಂಡಿಲ್ಲ ಕಣ್ಲಾ," ಎಂದು ನಕ್ಕ. ಮೇಲೆ ಬೆವರಿಳಿಸಲು ಕುಣಿಯುವ ಸದ್ದು ಶುರುವಾಯಿತು. ಕೆಳಗೆ ನಾನು ಗಡಿಯಾರ ಹಿಡಿದು ಕೂತೆ.

ಗಂಟೆಯ ಮೇಲೆ ಅವನು ಕರೆದ. "ಲೇ, ಒಂದ್ ಗುಟುಕು ಕೊಡ್ಲಾ. ಒಂದೇ ಒಂದು."

"ನೀರು ಬತ್ತುದ್ರೆ ತಾನೆ ಕೊಬ್ರಿ ಆಗೋದು? ಸುಮ್ನೆ ಕುಣಿ," ಅಂದೆ. ನನ್ನ ಮಾತಿಗೆ ನಾನೇ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಇನ್ನೊಂದು ಸಲ ಕರೆದ. ಈ ಸಲ ನೀರು ಕೇಳಲಿಲ್ಲ, ಏಣಿ ಕೇಳಿದ. ಇನ್ನು ಹತ್ತು ನಿಮಿಷ ಅಂದೆ. ಕುಣಿತ ನಿಂತಾಗ, ಕೂತು ಸುಧಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹತ್ತು ನಿಮಿಷ ಮುಗಿದ ಮೇಲೆ ಏಣಿ ಹಾಕಿ ಹತ್ತಿದರೆ ಕಾಯಿಗಳ ನಡುವೆ ಮಗ್ಗುಲಾಗಿ ಬಿದ್ದಿದ್ದ. ಮೈ ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ.

ಜೀವ ಉಳಿಯಿತು. ಕಿಡ್ನಿ ಎರಡೂ ಹೋದವು, ಇನ್ನು ಡಯಾಲಿಸಿಸ್ಸಿನ ಮೇಲೇ ಬದುಕು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅವನು, "ಏಣಿ ತೆಗಿ ಅಂದಿದ್ದು ನಾನೇ ಕಣ್ರೀ," ಅನ್ನುತ್ತಿದ್ದ. ಎರಡನೆಯ ಸಲ ಕರೆದು ಏಣಿ ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಹೇಡಿ.

ಎರಡು ವರ್ಷದ ಮೇಲೆ ಗ್ಯಾರೇಜಿಗೆ ಹೋದೆ. ಟೈರು ಮಗುಚುತ್ತಿದ್ದ ತೋಳು ಒಣಗಿ ಕಡ್ಡಿಯಾಗಿತ್ತು. ಪಕ್ಕದಲ್ಲೊಂದು ಅರ್ಧ ಲೀಟರಿನ ಬಾಟಲಿ. ಡಾಕ್ಟರು ದಿನಕ್ಕೆ ಅಷ್ಟೇ ನೀರು ಅಂದಿದ್ದರಂತೆ. ಎಳನೀರನ್ನಂತೂ ಬಾಯಿಗೆ ಸೋಕಿಸುವ ಹಾಗಿಲ್ಲ. ಅದರೊಳಗಿನ ಉಪ್ಪು ಅವನ ಎದೆಬಡಿತ ನಿಲ್ಲಿಸಬಹುದಂತೆ. ಸುತ್ತ ಹತ್ತು ಹರದಾರಿ ತೆಂಗೇ ಇರುವ ಊರಿನಲ್ಲಿ!

"ಬಿಸ್ಲಲ್ಲಿ ಬಂದಿದ್ದೀಯ, ಕೂತ್ಕೊ," ಅಂದು ಎದ್ದ. ಮೂಲೆಯಲ್ಲಿದ್ದ ಎಳನೀರನ್ನು ತಂದು, ಮಚ್ಚಿನಲ್ಲಿ ಏಳೆಂಟು ಏಟು ಹಾಕಿ ಕೆತ್ತಿ ನನಗೆ ಕೊಟ್ಟ. ಕುಡಿಯತೊಡಗಿದೆ. ಅವನು ನನ್ನ ಗಂಟಲನ್ನೇ ನೋಡುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ ಕೆಳಗಿಡಲು ಹೋದೆ.

ಅವನು ಎಳನೀರನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಮತ್ತೆ ನನ್ನ ಕೈಗೇ ಇಟ್ಟು, "ಇನ್ನೂ ಅದೆ ಕಣ್ಲಾ, ಕುಡಿ," ಅಂದ.

ಪೂರ್ತಿ ಕುಡಿದೆ.