ಅತ್ತೆಯ ಸವತಿಯನ್ನು ಬೀಳ್ಕೊಡಲು ಹೋಗಿದ್ದು

"ನನ್ ಸವ್ತಿ ಸಾಯ್ತಾವ್ಳಂತೆ ಕಣಮ್ಮ. ಅಷ್ಟ್ರೊಳ್ಗೆ ಒಂದ್ಸಲ ನಿಮ್ ಮಾವಂಗೆ ತೋರ್ಸ್ಕೊಂಡು ಬರಾನ, ನಡಿ."

ಹೋದ ತಿಂಗಳು ಒಂದು ಬೆಳಿಗ್ಗೆ, ಬಂಗಾರಪೇಟೆಯ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಕೂಡ ಬಿಡದೆ ನಿಂತು ಸಾವಿತ್ರತ್ತೆ ಹೇಳಿದ ಮಾತಿದು. ಕೆಜಿಎಫ್‌ನ ಕೋರಮಂಡಲ್‌ನಿಂದ ಮೊದಲ ರೈಲಿಗೇ ಬಂದುಬಿಟ್ಟಿದ್ದಳು. ಸವತಿ ಎಂದೊಡನೆ ನೀವು ಕಿವಿ ನಿಮಿರಿಸಬೇಡಿ. (ನಿಮಿರಿಸಿರುತ್ತೀರಿ, ನನಗೆ ಗೊತ್ತು.) ನನ್ನ ಸೋದರಮಾವ ಅಂಥವರಲ್ಲ. ಅತ್ತೆಯ ಸವತಿ ಒಂದು ಹಡಗು.

ಮೀಸೆ ಚಿಗುರುವ ವಯಸ್ಸಿನಲ್ಲಿ ಮಾವ ಮನೆಯಲ್ಲಿ ಜಗಳವಾಡಿ ಮದ್ರಾಸಿಗೆ ಹೋಗಿ, ಹೇಗೋ ಆ ಹಡಗಿನಲ್ಲಿ ಕೆಲಸ ಗಿಟ್ಟಿಸಿದ್ದರು. ಟೂರಿಸ್ಟರನ್ನು ಹತ್ತಿಸಿಕೊಂಡು ಕೊಲಂಬೋ, ಪೆನಾಂಗ್, ಸಿಂಗಪುರ ಎಂದು ಸುತ್ತುವ ದೊಡ್ಡ ಬಿಳಿ ಹಡಗು. ಮಾವನದು ಅದರ ತಳದಲ್ಲಿ, ಕಿಟಕಿಯೂ ಇಲ್ಲದ ಕೋಣೆಯಲ್ಲಿ, ಬೆಡ್‌ಶೀಟ್ ಇಸ್ತ್ರಿ ಮಾಡುವ ಕೆಲಸ. ಎರಡು ವರ್ಷವಾಗುವಷ್ಟರಲ್ಲಿ ನಮ್ಮ ತಾತ ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡರು. ಅಪ್ಪನ ಕೆಲಸ ಹಿರಿಮಗನಿಗೆ. ಕೆಜಿಎಫ್‌ನಲ್ಲಿ ಅದನ್ನು ಬೇಡ ಅನ್ನುವ ಮಗ ಇದ್ದಾನೆಯೇ? ಮಾವ ಟ್ರಂಕು ಹೊತ್ತು ಹಡಗಿನಿಂದ ಇಳಿದರು, ಗಣಿಗೆ ಇಳಿದರು. ಅದೇ ವರ್ಷ ಮನೆಯವರು ಮದುವೆಯನ್ನೂ ಮಾಡಿಬಿಟ್ಟರು.

ಇಳಿದರೇನೋ ಸರಿ, ಮನಸ್ಸು ಇಳಿಯಲಿಲ್ಲ. ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಹಡಗಿನ ಪಟ. ಊಟಕ್ಕೆ ಕೂತರೂ ಅದರ ಎದುರಿಗೇ. "ಇಷ್ಟೊತ್ತಿಗೆ ಕೊಲಂಬೋ ದಾಟಿರುತ್ತೆ" ಎಂದು ಸಾರು ಕಲಸುತ್ತ ಹೇಳುವರು. ಆಯುಧಪೂಜೆಯ ದಿನ ಅತ್ತೆ ಆ ಪಟಕ್ಕೂ ಕುಂಕುಮ ಹಚ್ಚುತ್ತಿದ್ದಳು, ಸವತಿಗೂ ಮುತ್ತೈದೆ ಭಾಗ್ಯ ಇರಲಿ ಎಂದು. ನಾವು ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದಳು, ಆದರೆ ನಮ್ಮ ಜೊತೆಗಲ್ಲ, ನಾವು ನಕ್ಕು ಮುಗಿಸಿದ ಮೇಲೆ.

ಈಗ ಹಡಗಿಗೆ ರಿಟೈರ್‌ಮೆಂಟ್. ಮದ್ರಾಸಿನಿಂದ ಹೊರಟರೆ ಗುಜರಾತಿನ ದಂಡೆ, ಅಲ್ಲಿ ಒಡೆದು ಗುಜರಿಗೆ. ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಯಾರೋ ತಮಿಳು ಪೇಪರ್ ಓದಿ ಹೇಳಿದರಂತೆ. ಅಂದಿನಿಂದ ಮಾವ ಸರಿಯಾಗಿ ಉಣ್ಣುತ್ತಿಲ್ಲ. ಅವರೂ ರಿಟೈರ್ ಆದವರೇ. ಎದೆಯ ತುಂಬ ಗಣಿಯ ಕಲ್ಲುದೂಳು, ನಾಲ್ಕು ಹೆಜ್ಜೆಗೆ ಏದುಸಿರು. ಪ್ರಯಾಣ ಕೂಡದು ಎಂದರು ಡಾಕ್ಟರು. ಗೋಡೆ ನೋಡುತ್ತ ಕೂತರೆ ಮಾತ್ರ ವಾಸಿಯಾಗುತ್ತದೆಯೇ ಎಂದು ಅತ್ತೆ ಕೇಳಿದಳಂತೆ.

ಮೂವರೂ ಹೊರಟೆವು. ರೈಲಿನಲ್ಲಿ ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ. ಅಲ್ಲೂ ತಳದಲ್ಲಿ ಕತ್ತಲೆ, ಇಲ್ಲೂ ತಳದಲ್ಲಿ ಕತ್ತಲೆ. ಅಂಥಾದ್ದೇನಿತ್ತು ಮಾವ ಆ ಹಡಗಿನಲ್ಲಿ?

ಮಾವ ಉಸಿರು ಕೂಡಿಸಿಕೊಂಡು ಹೇಳಿದರು: "ಅಲ್ಲಿ ಕೆಲ್ಸ ಮುಗ್ಸಿ ಮೇಲಕ್ ಬಂದ್ರೆ ದಿನಾ ಒಂದೊಂದೂರು ಕಣಮ್ಮ. ಇಲ್ಲಿ ಮೇಲಕ್ ಬಂದ್ರೆ ಏನಿತ್ತು?"

ಅತ್ತೆ ಪಕ್ಕದಲ್ಲೇ ಇದ್ದಳು. ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಒಂದು ಗಳಿಗೆ ನಿಂತು, ಮತ್ತೆ ಬಿಚ್ಚಿದಳು. ನನಗೆ ಮಾವನ ಮೇಲೆ ಸಿಟ್ಟು ಬಂತು. (ನಮ್ಮ ಮನೆಗಳ ಗಂಡಸರಿಗೆ ಎದುರು ಕೂತವರು ಕಾಣುವುದೇ ಇಲ್ಲವೇ?)

ಬಂದರಿನ ಕಾವಲಿನವನನ್ನು ಅತ್ತೆ ತನ್ನ ಕೋರಮಂಡಲ್ ತಮಿಳಿನಲ್ಲಿ ಕಾಡಿ ಬೇಡಿ ಒಪ್ಪಿಸಿದ್ದರಿಂದ ಹಡಗು ನಿಲ್ಲುವ ದಕ್ಕೆಯ ಮೂಲೆಯಲ್ಲಿ ನಿಲ್ಲಲು ಜಾಗ ಸಿಕ್ಕಿತು. ಹಡಗು ಬಿಳಿ ಇರಲಿಲ್ಲ. ಬಣ್ಣ ಹಪ್ಪಳವಾಗಿ ಎದ್ದಿತ್ತು, ಕಿಟಕಿಗಳಿಂದ ತುಕ್ಕು ಇಳಿದಿತ್ತು. ಮಾವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರನ್ನು ಹಾಗೆ ನೋಡಿ ನನಗೂ ಅಳು ಬಂತು. ಹಗ್ಗ ಬಿಚ್ಚಿದರು. ಹಡಗು ಹೊರಡುವ ಮೊದಲು ಒಮ್ಮೆ ಉದ್ದಕ್ಕೆ ಕೂಗಿತು.

ಅತ್ತೆ ಮಾವನ ಅಂಗಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. "ಬಂದ್ರಾ? ನೀವ್ ಮೇಲಕ್ ಬಂದ್ರಾ?"

ಆ ಕೂಗು ಗಣಿಯ ಹೂಟರಿನಂತೆ ಕೇಳಿ, ಅವಳಿಗೆ ತಾನೆಲ್ಲಿದ್ದೇನೆ ಎನ್ನುವುದೇ ಮರೆತುಹೋಗಿತ್ತು. ಗಣಿಯ ಹೂಟರ್ ಶಿಫ್ಟ್ ಬದಲಾಗುವಾಗ ಕೂಗಿದರೆ ಯಾರೂ ತಲೆ ಎತ್ತುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಕೆಳಗೆ ಅವಘಡ ಎಂದರ್ಥ. ಆಗೆಲ್ಲ ಅತ್ತೆ ಒಲೆ ಮೇಲಿನ ಅನ್ನ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದಳು. ಗಣಿಯಿಂದ ಮೇಲಕ್ಕೆ ಕರೆತರುವ ಕೇಜಿನಿಂದ ಇಳಿಯುವವರಲ್ಲಿ ಮಾವನ ಮುಖ ದೂರದಿಂದ ಕಂಡರೆ ಸಾಕು, ತಾನು ಅವರ ಕಣ್ಣಿಗೆ ಬೀಳದೆ ಮನೆಗೆ ವಾಪಸ್ ಓಡುವಳು. ಅಳುವ ಹೆಂಡತಿಯ ಮುಖ ನೋಡಿದವನು ಮರುದಿನ ಗಣಿಗೆ ಇಳಿಯಬಾರದು ಎಂದು ಅವಳ ನಂಬಿಕೆ. ಮಾವ ಮನೆಗೆ ಬರುವಷ್ಟರಲ್ಲಿ ಬಿಸಿನೀರು ಸಿದ್ಧ, ಸೀದ ಅನ್ನಕ್ಕೆ ಅವರ ಬೈಗುಳವೂ ಸಿದ್ಧ. ಇದೆಲ್ಲ ಅವಳು ನಮಗೆ ಹೇಳಿದ್ದು ಆಮೇಲೆ, ದಕ್ಕೆಯ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡ ನಂತರ. ಇಷ್ಟು ವರ್ಷ ಮಾವನಿಗೆ ಇದರ ಸುಳಿವೇ ಇರಲಿಲ್ಲ.

ಆದರೆ ಅಂಗಿ ಜಗ್ಗಿದ ಆ ಗಳಿಗೆಯಲ್ಲಿ ಮಾವ ತಿರುಗಿದರು. ಅವಳ ಕೈ ಹಿಡಿದರು.

"ಬಂದೆ ಕಣೆ. ಮೇಲೇ ಇವ್ನಿ, ನೋಡು."

ಅವಳನ್ನು ಕೂರಿಸಿ, ನೀರು ಕುಡಿಸಿ, ಸೆರಗಿನಿಂದ ಅವಳ ಮುಖ ಒರೆಸುವಷ್ಟರಲ್ಲಿ ಹಡಗು ಬಂದರಿನ ಗೋಡೆ ದಾಟಿ ಹೋಗಿತ್ತು. ನನ್ನಿಂದಾಗಿ ನಿಮಗೆ ಕೊನೆಯ ಸಲ ನೋಡಲೂ ಆಗಲಿಲ್ಲವಲ್ಲ ಎಂದು ಅತ್ತೆ ಅತ್ತಳು. ಮಾವ ಸಮುದ್ರದ ಕಡೆ ತಲೆ ಎತ್ತಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಮಾವ ಅವಳನ್ನು ಒಂದೊಂದೇ ಕೇಳುತ್ತಿದ್ದರು. ಯಾವ ದಾರಿಯಲ್ಲಿ ಓಡಿಬರುತ್ತಿದ್ದೆ, ಎಲ್ಲಿ ನಿಲ್ಲುತ್ತಿದ್ದೆ, ಮಳೆ ಬಂದರೆ ಏನು ಮಾಡುತ್ತಿದ್ದೆ. ಅತ್ತೆ ಹೊಸ ಮದುವಣಗಿತ್ತಿಯ ಹಾಗೆ ನಾಚುತ್ತ ಉತ್ತರ ಕೊಡುತ್ತಿದ್ದಳು. ಮಾವ ಎರಡು ಪ್ರಶ್ನೆ ಕೇಳುವುದು, ಕೆಮ್ಮುವುದು, ಉಸಿರು ಹುಡುಕುವುದು, ಮತ್ತೆ ಕೇಳುವುದು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಇಷ್ಟು ತಡವಾಗಿ ಶುರುವಾದ ಸಂಸಾರಕ್ಕೆ ಆ ಉಸಿರು ಎಷ್ಟು ದಿನ ಸಾಕಾದೀತು, ಹೇಳಿ?