ಅಳಿಯಂದಿರ ಓರೆಗೆರೆ

ಹಂಪಿ ಬಜಾರಿನ ಕಲ್ಲುಮಂಟಪಗಳ ಎದುರು ನಿಂತು, ಪ್ರವಾಸಕ್ಕೆ ಬಂದಿದ್ದ ಎಂಟನೇ ತರಗತಿಯ ಮಕ್ಕಳಿಗೆ "ಕೆಳಗ ನೋಡಿ ನಡೀರಿ, ಕಲ್ಲು ಜಾರತಾವ" ಎಂದು ಹೇಳುತ್ತಿರುವಾಗಲೇ ನಾನು ಜಾರಿ ಬಿದ್ದೆ. ಪಾಠಕ್ಕೆ ತಕ್ಕ ಉದಾಹರಣೆ ಕೊಡುವ ಮೇಷ್ಟ್ರು ಎಂದು ಶಾಲೆಯಲ್ಲಿ ನನಗೆ ಮೊದಲಿನಿಂದಲೂ ಹೆಸರಿದೆ. ಮಕ್ಕಳು ಬಹಳ ಸಭ್ಯರು, ನಗಲಿಲ್ಲ. ಬಸ್ಸು ಹತ್ತುವವರೆಗೆ ತಡೆದುಕೊಂಡರು. ಅಷ್ಟರಲ್ಲಿ ನನ್ನ ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತ್ತು.

ಆರು ವಾರ ಪ್ಲಾಸ್ಟರಿನಲ್ಲಿ ಕಳೆದವು. ಅದನ್ನು ಬಿಚ್ಚಿದ ದಿನ ನೋಡಿದರೆ ಬೆರಳುಗಳು ಮಡಚುವುದನ್ನೇ ಮರೆತಿದ್ದವು. ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕುತ್ತಿರಿ ಎಂದಳು. ಮೂರು ದಿನ ಹಿಸುಕಿದೆ. ನಾಲ್ಕನೆಯ ದಿನ ಚೆಂಡು ಸೋಫಾದ ಕೆಳಗೆ ಉರುಳಿತು. ಅದನ್ನು ಬಗ್ಗಿ ತೆಗೆಯುವುದು ಕೈಗೆ ಅಪಾಯ ಎಂದು ನಾನೇ ತೀರ್ಮಾನಿಸಿದೆ.

ನನ್ನ ಹೆಂಡತಿ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ನಾವಿರುವುದು ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿ. ಅವಳು ಕಚೇರಿಗೆ ಹೋದರೆ ಮನೆಯಲ್ಲಿ ನನಗೊಂದು ಲೋಟ ನೀರು ಎತ್ತಿಕೊಡುವವರಿಲ್ಲ ಎಂದು ಕಂಪ್ಲಿಯಿಂದ ಅತ್ತೆ ಬಂದಿದ್ದರು. ಅವರು ತಂದದ್ದು ಎರಡು ಚೀಲ. ಒಂದರಲ್ಲಿ ಎರಡು ಸೀರೆ, ಇನ್ನೊಂದರ ತುಂಬಾ ದಾರದ ಉಂಡೆ ಮತ್ತು ಕ್ರೋಶಾ ಕಡ್ಡಿಗಳು. ಬಂದು ಹತ್ತು ದಿನ ಆಗುವಷ್ಟರಲ್ಲಿ ಟಿ.ವಿ., ಮಿಕ್ಸಿ, ನೀರಿನ ಫಿಲ್ಟರ್, ಫ್ರಿಜ್ಜಿನ ಹಿಡಿಕೆ ಎಲ್ಲವೂ ಬಿಳಿ ಜಾಲರಿಯ ಅಂಗಿ ತೊಟ್ಟು ಮದುವೆಗೆ ಹೊರಟಂತೆ ನಿಂತವು. ಹೊಸಪೇಟೆಯ ಸೆಕೆಯಲ್ಲಿ ನಾನು ಬನಿಯನ್ನಿನಲ್ಲಿ ಕೂತಿದ್ದೆ. ಮಿಕ್ಸಿಗೆ ಮಾತ್ರ ಚಳಿಯಾಗದ ಹಾಗೆ ನೋಡಿಕೊಳ್ಳಲಾಯಿತು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರು ನನ್ನೊಂದಿಗೆ ನೇರವಾಗಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು, ಅದೂ ಪ್ಲಾಸ್ಟರ್ ಹಾಕಿದ ಕೈಯಲ್ಲಿ. ಅಳಿಯ ತಪ್ಪು ಮಾಡಬಹುದು ಎಂಬ ವಿಚಾರವೇ ಅವರ ಧರ್ಮಕ್ಕೆ ವಿರುದ್ಧ. ಒಮ್ಮೆ ನಾನು ಪೇಪರ್ ಓದುತ್ತಾ ಕಂಪ್ಲಿ ಬಸ್ಸಿನ ಬದಲು ಸಂಡೂರಿನ ಬಸ್ಸು ಹತ್ತಿ, ಊಟದ ಹೊತ್ತು ಮೀರಿದ ಮೇಲೆ ಅವರ ಮನೆ ತಲುಪಿದ್ದೆ. ಮಾವ ಹೊಟ್ಟೆ ಹಿಡಿದು ನಕ್ಕರು. ಅತ್ತೆ ಮಾತ್ರ ಬಾಗಿಲ ಹಿಂದಿನಿಂದ, "ಈಗ ಸಂಡೂರು ಗುಡ್ಡ ಹಸರಾಗಿರತಾವ. ನೋಡಿದ್ದು ಚಲೋ ಆತು" ಎಂದರು.

ಒಂದು ದಿನ ಅವರು ಕುರ್ಚಿಯ ಬೆನ್ನಿಗೆ ಹಾಕಿದ ಹಾಸಿನ ಮೇಲೆ ನನ್ನ ಕಣ್ಣು ಬಿತ್ತು. ಅದರ ಉದ್ದಕ್ಕೂ ಉಬ್ಬು ಗೆರೆಗಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಹರಿದಿದ್ದವು, ನೇಗಿಲ ಸಾಲಿನಷ್ಟು ಸಮನಾಗಿ. ಮುಟ್ಟಿದರೆ ಬೆರಳಿಗೆ ಹತ್ತುತ್ತಿದ್ದವು. ನಾನು ಗಣಿತದ ಮೇಷ್ಟ್ರು. ಚೌಕದ ಕರ್ಣವನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಎಳೆಯುತ್ತಾ ಬಂದವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಎಳೆಯುವ ಓರೆಗೆರೆ ನನಗೆ ಬಾರದೇ ಹೋದೀತೇ?

"ಇದನ್ನ ನಾನೂ ಹಾಕಬಹುದಲ್ಲ" ಎಂದೆ, ಉದಾರವಾಗಿ.

ಅತ್ತೆ ಮಗಳ ಕಡೆ ತಿರುಗಿದರು. ನಾನು ಒಂದು ಮಾರು ದೂರದಲ್ಲೇ ಕೂತಿದ್ದೆ. "ಅಳಿಯಂದಿರಿಗೆ ಹೇಳವ್ವ, ಬೆರಳಿಗೂ ಭಾಳ ಚಲೋ ಆಗತೈತಿ. ಆ ಚೆಂಡು ಹಿಸುಕೋದಕ್ಕಿಂತ ಇದನ್ನ ಹಿಡೀಲಿ."

"ಅವರು ಕೇಳಿಸ್ಕೊಂಡ್ರವ್ವ" ಎಂದಳು ಹೆಂಡತಿ.

ಹೀಗೆ ನನ್ನ ಶಿಕ್ಷಣ ಆರಂಭವಾಯಿತು. ಮೊದಲು ಸರಪಳಿ, ಅದರ ಮೇಲೆ ಒಂದರ ಪಕ್ಕ ಒಂದು ಕಂಬ. ಕಂಬವೆಂದರೆ ಕಡ್ಡಿಗೆ ದಾರ ಸುತ್ತಿ ಎಳೆದು ನಿಲ್ಲಿಸಿದ ಉದ್ದನೆಯ ಹೊಲಿಗೆ. ಉಬ್ಬು ಬೇಕಾದ ಕಡೆ ಮೇಲಿನ ತೂತಿಗೆ ಕಡ್ಡಿ ಚುಚ್ಚದೆ, ಕೆಳಗಿನ ಸಾಲಿನ ಕಂಬದ ಸೊಂಟವನ್ನೇ ಹಿಂದಿನಿಂದ ಬಳಸಿ ತರಬೇಕು. ಆಗ ಅದು ಮುಂದಕ್ಕೆ ಎದ್ದು ನಿಲ್ಲುತ್ತದೆ. ಅದರ ಮೇಲಿನ ಸಾಲಿನಲ್ಲಿ ಉಬ್ಬು ಒಂದು ಕಂಬದಷ್ಟು ಪಕ್ಕಕ್ಕೆ ಸರಿಯಬೇಕು. ಸರಿಯುತ್ತಾ ಸರಿಯುತ್ತಾ ಗೆರೆ ಓರೆಯಾಗುತ್ತದೆ. ಇಷ್ಟೇ. ಕೇಳಿದರೆ ಮೂರು ನಿಮಿಷದ ಪಾಠ.

ನಾನು ಬೆವರಿದೆ. ಕಡ್ಡಿ ಹಿಡಿದ ಕೈ ಎಮ್ಮೆಗೆ ಮೂಗುದಾರ ಹಾಕುವವನ ಕೈಯಂತೆ ಬಿಗಿದಿತ್ತು. ಬೆಳಗಿನಿಂದ ಕೂತು ಐದು ಸಾಲು ಮುಗಿಸಿ ತೋರಿಸಿದರೆ ಅತ್ತೆ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ "ಚಲೋ ಆಗೈತ್ರಿ" ಎಂದರು. ನೇರವಾಗಿ ನನಗೇ! ಕೃತಾರ್ಥನಾಗಿ ಉಂಡು ಮಲಗಿದೆ.

ನಿಜವಾದ ಪವಾಡ ನಾಲ್ಕು ಗಂಟೆಗೆ ಕಾದಿತ್ತು. ನಿದ್ದೆಯಿಂದೆದ್ದು ನೋಡಿದರೆ ಬೆಳಿಗ್ಗೆ ಸೊಟ್ಟಗೆ ಕಂಡ ಅಂಚು ನೆಟ್ಟಗಾಗಿತ್ತು. ಉಬ್ಬುಗಳು ಶಿಸ್ತಾಗಿ ಓರೆ ಹಿಡಿದು ನಡೆದಿದ್ದವು. ಕೈಕೆಲಸ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಕೂತುಕೊಳ್ಳುತ್ತದೆ, ಮುದ್ದೆಯಂತೆ, ಎಂದು ನಾನೊಂದು ಸಿದ್ಧಾಂತ ಮಾಡಿದೆ. ಹೆಂಡತಿಗೆ ವಿವರಿಸಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ದಿನಾ ಹೀಗೇ ಆಯಿತು. ಹದಿನೈದು ದಿನದಲ್ಲಿ ಅರ್ಧ ಹಾಸು ಸಿದ್ಧವಾಯಿತು.

ಶಾಲೆಗೆ ಮರಳಿದವನು ಅದನ್ನು ಸ್ಟಾಫ್ ರೂಮಿಗೆ ಒಯ್ಯದೇ ಇರುತ್ತೇನೆಯೇ? ವ್ಯಾಯಾಮದ ಮೇಷ್ಟ್ರು ಮುಟ್ಟಿ ನೋಡಿ, "ಮಸ್ತ್ ಐತಿ ಸರ್. ನಮ್ಮ ಸ್ಕೂಟರಿಗೂ ಒಂದು ಲಂಗ ಹಾಕಿಕೊಡ್ರಿ" ಎಂದರು. ಅಸೂಯೆ ಎಂದುಕೊಂಡೆ. ಹೆಡ್‌ಮೇಡಂ ಮಾತ್ರ ಮೆಚ್ಚಿದರು: "ಶನಿವಾರ ಕೈಕೆಲಸದ ಪೀರಿಯಡ್ ಖಾಲಿ ಐತ್ರಿ. ಮಕ್ಕಳಿಗೆ ನೀವೇ ತೋರಿಸ್ರಿ. ಗಂಡುಮಕ್ಕಳೂ ಕಲೀಲಿ." ಸಮಾಜ ಸುಧಾರಣೆಯ ಹೊಣೆ ಹೆಗಲಿಗೆ ಬಿದ್ದರೆ ಬೇಡವೆನ್ನುವುದು ಹೇಗೆ?

ಶನಿವಾರ ಮೇಜಿನ ಮೇಲೆ ಕೂತು ಹೊಸ ದಾರ ತೆಗೆದು ಶುರುಮಾಡಿದೆ. ಹಾಕುತ್ತಾ ಕರ್ಣದ ಬಗ್ಗೆ, ತಾಳ್ಮೆಯ ಬಗ್ಗೆ ಮಾತಾಡಿದೆ. ಏಳನೇ ಸಾಲಿಗೆ ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು.

"ಏನ್ರೋ ಅದು?"

ಒಬ್ಬಳು ಎದ್ದು ನಿಂತಳು. "ಸರ್, ಚೌಕ ಅಂದಿದ್ರಿ. ಅದು ತ್ರಿಕೋನ ಆಗಾಕತ್ತೈತಿ."

ಎತ್ತಿ ನೋಡಿದೆ. ತ್ರಿಕೋನವೇ. ಸಮದ್ವಿಬಾಹು. ಉಬ್ಬುಗಳೋ, ಓರೆಯಾಗುವುದಿರಲಿ, ಒಂದರ ತಲೆಯ ಮೇಲೊಂದು ಏರಿ ವಿದ್ಯುತ್ ಕಂಬಗಳ ಹಾಗೆ ನೆಟ್ಟಗೆ ನಿಂತಿದ್ದವು. "ಸ್ವಲ್ಪ ಹೊತ್ತು ಬಿಟ್ಟರ ಕೂಡತೈತಿ" ಎಂದೆ. ಇಡೀ ತರಗತಿ ಅದನ್ನೇ ನೋಡುತ್ತಾ ಕಾಯಿತು. ಬೆಲ್ ಹೊಡೆಯುವವರೆಗೂ ಕಾಯಿತು. ಅದು ಕೂಡಲಿಲ್ಲ.

ಶನಿವಾರ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದು ಬಾಗಿಲು ತಳ್ಳಿದರೆ, ಅತ್ತೆ ಕಿಟಕಿಯ ಬೆಳಕಿಗೆ ಕೂತಿದ್ದರು. ಮಡಿಲಲ್ಲಿ ನನ್ನ ಹಾಸು. ಆ ದಿನ ಬೆಳಿಗ್ಗೆ ನಾನು ಹಾಕಿಟ್ಟುಹೋದ ಸಾಲುಗಳೆಲ್ಲ ಬಿಚ್ಚಿ ಸುರುಳಿ ಸುರುಳಿ ದಾರವಾಗಿ ನೆಲದ ಮೇಲೆ ಬಿದ್ದಿದ್ದವು. ಅವರ ಕೈಯಲ್ಲಿ ಕಡ್ಡಿ ಮಿಂಚುತ್ತಿತ್ತು. ನನ್ನನ್ನು ಕಂಡು ದಡಕ್ಕನೆ ಎದ್ದರು.

"ಏನ್ ಮಾಡಾಕತ್ತೀರಿ, ಅತ್ತಿ?"

"ಏನಿಲ್ರಿ... ಧೂಳು ಝಾಡಿಸಾಕತ್ತಿದ್ದೆ."

ಸಂಜೆ ಹೆಂಡತಿಯನ್ನು ಕೇಳಿದೆ. ಅವಳು ಚಹಾ ಸೋಸುತ್ತಾ, "ನನಗ ಮೊದಲನೇ ದಿನಾನ ಗೊತ್ತಿತ್ತು. ನಿಮ್ಮ ಮಾರಿ ಅಷ್ಟು ಅರಳಿತ್ತು, ಯಾಕ ಬಾಡಿಸೋದು ಅಂತ ಸುಮ್ಮನಿದ್ದೆ" ಎಂದಳು. ಮುದ್ದೆಯ ಸಿದ್ಧಾಂತಕ್ಕೆ ತಲೆಯಾಡಿಸಿದವಳು ಇವಳೇ.

ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ನಾಚಿಕೆ. ಗಂಡಸರಲ್ಲಿ ಅದು ಸಿಟ್ಟಿನ ಅಂಗಿ ಹಾಕಿಕೊಂಡೇ ಹೊರಗೆ ಬರುತ್ತದೆ. ಮರುದಿನ ಭಾನುವಾರ ಕೂತು ಯೋಚಿಸಿದೆ. ಆ ಹೆಂಗಸು ಹದಿನೈದು ದಿನ, ನಾನು ಗೊರಕೆ ಹೊಡೆಯುವಾಗ, ತನ್ನ ಮಧ್ಯಾಹ್ನದ ನಿದ್ದೆ ಬಿಟ್ಟು ನನ್ನ ತಪ್ಪುಗಳನ್ನು ಬಿಚ್ಚಿದ್ದರು. "ತಪ್ಪೈತಿ" ಎಂಬ ಒಂದು ಮಾತಿಗೆ ಬದಲಾಗಿ ಅಷ್ಟು ಸಾಲು ಹಾಕಿದ್ದರು. ನಾನಾದರೋ ತರಗತಿಯಲ್ಲಿ ದಿನಕ್ಕೆ ಐವತ್ತು ಸಲ ಆ ಮಾತನ್ನು ಎಸೆಯುತ್ತೇನೆ, ಶೇಂಗಾ ಸಿಪ್ಪೆಯಂತೆ.

ಅವರ ಎದುರು ಚಾಪೆಯ ಮೇಲೆ ಕೂತು ತ್ರಿಕೋನವನ್ನು ಮುಂದಿಟ್ಟೆ. "ಇವತ್ತಿನಿಂದ ನಾನು ಅಳಿಯ ಅಲ್ರಿ. ನಿಮ್ಮ ಹತ್ರ ಕಲಿಯೋ ಹುಡುಗ. ತಪ್ಪಿದ್ರ ತಪ್ಪು ಅನ್ರಿ."

"ಶಿವನ! ಹಂಗೆಲ್ಲ ಅನಬ್ಯಾಡ್ರಿ" ಎಂದು ಅವರು ಅಡುಗೆಮನೆಗೆ ಹೋಗಿಬಿಟ್ಟರು.

ಮೂರು ದಿನ ನಾನು ಹಾಕಿದ್ದಕ್ಕೆಲ್ಲ "ಚಲೋ ಐತಿ" ಎಂದರು. ಆದರೆ ಈಗ ನಾನು ಶಾಲೆಗೆ ಹೋಗುವಾಗ ಹಾಸನ್ನೂ ಚೀಲದಲ್ಲಿ ಒಯ್ಯುತ್ತಿದ್ದೆ, ಮನೆಯಲ್ಲಿ ಕೈಬಿಡುತ್ತಿರಲಿಲ್ಲ. ಬಿಚ್ಚಲು ಸಿಗದೆ ಅವರ ಬೆರಳುಗಳು ಸೆರಗನ್ನು ತಿರುವುತ್ತಿದ್ದವು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ತಪ್ಪೈತ್ರಿ" ಎಂದರು. ಹೇಳಿದವರೇ ಬಾಯಿ ಮುಚ್ಚಿಕೊಂಡರು.

"ಎಲ್ಲಿ?"

"ಎಲ್ಲಾ ಕಡೆ" ಎಂದರು. ಅಷ್ಟೇ, ಕಟ್ಟೆ ಒಡೆಯಿತು. "ಸಾಲಿನ ಕೊನೀ ಕಂಬ ಬಾಗಿ ನಿಂತಿರತೈತಿ, ಅದನ್ನ ದಿನಾ ಬಿಡತೀರಿ, ಅದಕ್ಕ ಸಣ್ಣಾಗಾಕತ್ತೈತಿ. ಬಟ್ಟಿ ಎಳದು ನೋಡ್ರಿ, ಕಾಣತೈತಿ. ಉಬ್ಬಿನ ಮ್ಯಾಲ ಉಬ್ಬು ಹಾಕಬ್ಯಾಡ್ರಿ, ಅದರ ಪಕ್ಕದ ಕಂಬಕ್ಕ ಹಾಕ್ರಿ. ದಾರ ಏನ್ ಕಳ್ಳನ ಕೈ ಏನ್ರಿ, ಅಷ್ಟು ಬಿಗಿ ಹಿಡಿಯಾಕ? ಬಿಚ್ಚ್ರಿ ಎಲ್ಲಾ."

ಬಿಚ್ಚಿದೆ. ಹಾಕಿದೆ. ಮತ್ತೆ ಬಿಚ್ಚಿದೆ. ಅವರಿಗೆ ಕಂಪ್ಲಿಯ ನೆರೆಮನೆಯ ಅಜ್ಜಿ ಕಲಿಸುವಾಗ ಪ್ರತಿ ತಪ್ಪಿಗೂ ಕಡ್ಡಿಯಿಂದ ಬೆರಳಗೆಣ್ಣಿಗೆ ಹೊಡೆಯುತ್ತಿದ್ದಳಂತೆ. "ನಿಮಗ ಹೊಡಿಯಾಕ ಬರಂಗಿಲ್ಲ, ಅದಕ್ಕ ತಡ ಆಗಾಕತ್ತೈತಿ" ಎಂದು ನಿಜವಾಗಿ ನೊಂದುಕೊಂಡರು. ಎರಡು ವಾರಕ್ಕೆ ಒಂದು ಗೆರೆ ಮೂಲೆಯಿಂದ ಹೊರಟು ಇನ್ನೊಂದು ಮೂಲೆ ಮುಟ್ಟಿತು. ಅಲ್ಲಲ್ಲಿ ತೂರಾಡಿತು, ನಿಜ. ಆದರೆ ಮುಟ್ಟಿತು. ನನಗೇ ಗೊತ್ತಾಗದಂತೆ ಬೆರಳುಗಳೂ ಅಷ್ಟರಲ್ಲಿ ಪೂರ್ತಿ ಮಡಚತೊಡಗಿದ್ದವು. ಮುಂದಿನ ಶನಿವಾರ ಆ ತೂರಾಡುವ ಹಾಸನ್ನೇ ಒಯ್ದು, ಸ್ಟಾಫ್ ರೂಮಿನಲ್ಲಿ ಮೆರೆಸಿದ್ದು ನನ್ನ ಅತ್ತೆಯ ಕೈಕೆಲಸ ಎಂದು ಮಕ್ಕಳ ಮುಂದೆ ಒಪ್ಪಿಕೊಂಡೆ. "ಗೊತ್ತಿತ್ರಿ ಸರ್" ಎಂದರು ಎಲ್ಲರೂ ಒಕ್ಕೊರಲಿನಿಂದ. ನನ್ನ ಪ್ರಾಮಾಣಿಕತೆಗೆ ಇಷ್ಟು ಕಡಿಮೆ ಅಚ್ಚರಿ ಹಿಂದೆಂದೂ ಸಿಕ್ಕಿರಲಿಲ್ಲ.

ಕೈ ವಾಸಿಯಾಯಿತೆಂದು ಅತ್ತೆ ಕಂಪ್ಲಿಗೆ ಹೋದರು. ಆದರೆ ಒಮ್ಮೆ ತೆರೆದ ಬಾಯಿ ಮುಚ್ಚುವ ವಿದ್ಯೆ ಅವರಿಗೂ ಗೊತ್ತಿಲ್ಲ, ನನಗೂ ಇಲ್ಲ. ಈಗ ಎರಡು ದಿನಕ್ಕೊಮ್ಮೆ ಫೋನು, ಮಗಳಿಗಲ್ಲ, ನನಗೆ. ನಾನು ಬಟ್ಟೆ ಒಣಹಾಕುವ ರೀತಿ ತಪ್ಪು. ಮಾವಿನಕಾಯಿ ಆರಿಸುವ ರೀತಿ ತಪ್ಪು. ಮಗಳು ಮಾತಾಡುವಾಗ ಪೇಪರ್ ಓದುವುದಂತೂ ದೊಡ್ಡ ತಪ್ಪು. ಅದನ್ನು ಮದುವೆಯಾದ ಮೊದಲ ವಾರದಲ್ಲೇ ಕಂಡಿದ್ದರಂತೆ. ನಿನ್ನೆ, ಹೌದು ಹೌದು ಎಂದು ಸ್ವಲ್ಪ ಜೋರಾಗಿಯೇ ಉತ್ತರಿಸುತ್ತಿದ್ದೆ.

"ಫೋನ್ ಹಿಡಕೊಂಡು ಹಂಗ ಒದರಬ್ಯಾಡ್ರಿ" ಎಂದರು ಅತ್ತೆ. "ನನ್ನ ಕಿವಿ ಸರಿ ಅದಾವ."