ಹೂವಿನ ಬಾಯಿಗೆ ದಾರ

ಟೈಲರಮ್ಮನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಹೊಲಿಗೆ ಮೆಷಿನ್, ಒಂದು ಸ್ಟೂಲು, ಗೋಡೆಗೆ ಹೊಡೆದ ಮೂರು ಹಲಗೆ. ಅಷ್ಟಕ್ಕೇ ಜಾಗ ಮುಗಿಯಿತು. ಗಿರಾಕಿಗಳು ಹೊರಗೇ ನಿಂತು ಅಳತೆ ಕೊಡಬೇಕು. "ಸೊಂಟ ಮೂವತ್ತೆಂಟು!" ಎಂದು ಟೈಲರಮ್ಮ ಗಟ್ಟಿಯಾಗಿ ಹೇಳಿಕೊಂಡು ಬರೆದರೆ ಎರಡನೇ ಮಹಡಿಯವರೆಗೂ ಸುದ್ದಿ. ಹಲಗೆಗಳ ಮೇಲೆ ಬಟ್ಟೆ ಇರಬೇಕಿತ್ತು. ಇದ್ದದ್ದು ಹಳೆಯ ಬಿಸ್ಕತ್ತಿನ ಡಬ್ಬಿಗಳು. ಒಳಗೆ ಬೀಜ.

ಅವರಿಗೆ ಅರವತ್ತೆರಡು ವರ್ಷ. ಓದಿದ್ದು ಐದನೇ ಕ್ಲಾಸು. ಇಬ್ಬರು ತಂಗಿಯರ ಮದುವೆ ಬಟ್ಟೆ ತಾವೇ ಹೊಲಿದು ಕಳಿಸಿದವರು, ತಮ್ಮದನ್ನು ಮಾತ್ರ ಹೊಲಿದುಕೊಳ್ಳಲಿಲ್ಲ. ಯಾಕೆ ಎಂದು ಯಾರಾದರೂ ಕೆಣಕಿದರೆ, ಹಲ್ಲಿನ ನಡುವಿನ ಗುಂಡುಸೂಜಿ ತೆಗೆಯದೆಯೇ, "ಬಂದವರ ಅಳತೆ ಒಂದೂ ಸರಿ ಹೋಗ್ಲಿಲ್ಲ ಕಣ್ರೀ" ಎನ್ನುತ್ತಿದ್ದರು.

ಮೂರನೇ ಮಹಡಿಯ ಸೊಸೆಗೆ ಮೊದಮೊದಲು ಅವರು ಬರೀ ಟೈಲರು. ಹೆರಿಗೆಯಾದ ಮೇಲೆ ಬಿಗಿಯಾದ ರವಿಕೆಗಳನ್ನು ಬಿಚ್ಚಿ ಹೊಲಿದುಕೊಟ್ಟವರು, ಅಷ್ಟೇ. ಅವಳು ಪಟ್ಟಣದಲ್ಲೇ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ, ಡಿಗ್ರಿ ಮುಗಿಸಿದ ಹುಡುಗಿ. ಮಗುವಿಗೆ ಏಳು ತಿಂಗಳಾಗಿ, ಬೇಯಿಸಿದ ತರಕಾರಿ ಕೊಡಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಅವಳ ನೆಮ್ಮದಿ ಹಾರಿಹೋಗಿತ್ತು. ತರಕಾರಿಗೆ ಏನೇನು ಸಿಂಪಡಿಸುತ್ತಾರೆ ಎಂದು ಫೋನಿನಲ್ಲಿ ಓದಿದಷ್ಟೂ ತೊಳೆಯುವುದು ಹೆಚ್ಚುತ್ತಿತ್ತು. ಕ್ಯಾರೆಟ್ಟಿಗೆ ಮೊದಲು ಉಪ್ಪುನೀರು, ಆಮೇಲೆ ಬಿಸಿನೀರು, ಕೊನೆಗೆ ಮತ್ತೆ ತಣ್ಣೀರು.

"ಇನ್ನೊಂದ್ಸಲ ತೊಳೆದ್ರೆ ಅದು ಮೂಲಂಗಿ ಆಗ್ಬಿಡುತ್ತೆ ಕಣಮ್ಮ," ಎಂದರು ಅತ್ತೆ ಒಂದು ದಿನ. "ಅಷ್ಟು ಹೆದರಿಕೆ ಇದ್ರೆ ಮಂಚದ ಕೆಳಗೆ ನೋಡು."

ಅವಳು ಬಗ್ಗಿ ನೋಡಿದಳು. ಗೋಣಿಚೀಲದ ಮೇಲೆ ನಾಲ್ಕು ಸಿಹಿಗುಂಬಳ, ಮೈಯೆಲ್ಲ ಧೂಳು.

"ಯಾವಾಗಿಂದು ಅತ್ತೆ ಇದು?"

"ನೀನು ಬಸುರಿ ಅಂತ ಗೊತ್ತಾಗೋ ಮುಂಚಿಂದು. ವರ್ಷ ದಾಟಿದ್ರೂ ಕೆಡಲ್ಲ. ಈ ಬಿಲ್ಡಿಂಗಲ್ಲಿ ಯಾರ ಮಂಚದ ಕೆಳಗೆ ಬೇಕಾದ್ರೂ ಹೋಗಿ ನೋಡು. ಎಲ್ಲಾ ಟೈಲರಮ್ಮನ ಬೀಜದ್ದೇ."

ಒಂದನ್ನು ಕೊಯ್ದರೆ ಒಳಗೆ ಆಗತಾನೇ ಕಿತ್ತಂಥ ಕೇಸರಿ ಬಣ್ಣ. ಮಗು ಒಂದು ಚಮಚ ತಿಂದು, ಇನ್ನೊಂದಕ್ಕೆ ಬಾಯಿ ತೆರೆಯಿತು. ಆ ತೆರೆದ ಬಾಯನ್ನು ನೋಡಿಯೇ ಅವಳು ಟೈಲರಮ್ಮನ ಕತೆ ಕೇಳಲು ಕೂತದ್ದು.

ಕತೆ ಎಂಟು ವರ್ಷದ ಹಿಂದಿನದು. ಹೊಳೆಗೆ ನೆರೆ ಬಂದು ಸೇತುವೆ ಕುಸಿದು, ಹನ್ನೊಂದು ದಿನ ತರಕಾರಿ ಲಾರಿ ಬರಲಿಲ್ಲ. ನಲವತ್ತೆರಡು ಮನೆಯ ಬಿಲ್ಡಿಂಗು. ಎಲ್ಲರ ಮನೆಯಲ್ಲೂ ಅಕ್ಕಿಯಿತ್ತು, ಯಾರ ಮನೆಯಲ್ಲೂ ಒಂದು ಕಡ್ಡಿ ಸೊಪ್ಪಿರಲಿಲ್ಲ. ಪಂಪ್ ಮನೆಯ ತಗಡಿನ ಮೇಲೆ ಟೈಲರಮ್ಮ ಹಬ್ಬಿಸಿದ್ದ ಒಂದೇ ಒಂದು ಕುಂಬಳದ ಬಳ್ಳಿಯಲ್ಲಿ ಹದಿನಾರು ಕಾಯಿ ಇದ್ದವು. ಅವರು ಅಂಗಡಿಯ ಮುಂದೆ ಚಾಪೆ ಹಾಸಿ ಕಾಯಿಗಳನ್ನಿಟ್ಟು, ಅಳತೆ ಟೇಪು ಹಿಡಿದು, ಎಲ್ಲ ಮನೆಗೂ ಸಮವಾಗಿ ಕೊಯ್ದರು. ಕೊಡುವಾಗ ಒಂದೇ ಮಾತು: "ತಿನ್ನೋದು ನಿಮ್ದು. ಬೀಜ ತೊಳೆದು ಒಣಗಿಸಿ ತಂದ್ಕೊಡಿ."

ಬೀಜ ವಾಪಸು ಬಂತು. ಮುಂದಿನ ವರ್ಷ ಬಿಲ್ಡಿಂಗಿನ ಹಿಂದೆ, ಒಡೆದ ಬಾತ್‌ರೂಮು ಬಕೆಟ್ಟು ಬಿದ್ದಿದ್ದ ಬಯಲು ಹದವಾಯಿತು. ಮನೆಗೊಂದು ಪಾತಿ. ಒಂದು ಹಿಡಿ ಬೀಜ ಒಯ್ದವರು ಎರಡು ಹಿಡಿ ತಂದಿಡಬೇಕು. ಬದನೆ, ಬೆಂಡೆ, ಅವರೆ, ಸೊಪ್ಪು ಎಲ್ಲ ಬಂದವು. ಆದರೆ ಎಲ್ಲರ ಬೆನ್ನೆಲುಬು ಆ ಕುಂಬಳವೇ. ಫ್ರಿಜ್ಜು ಬೇಡ, ಔಷಧಿ ಬೇಡ, ಲಾರಿ ಬೇಡ.

ಈ ವರ್ಷ ಆ ಬೆನ್ನೆಲುಬಿಗೇ ಪೆಟ್ಟು ಬಿದ್ದಿತ್ತು. ಅಂಗಡಿಯ ಗೋಡೆ ಸೋರಿ ಕುಂಬಳ ಬೀಜದ ಡಬ್ಬಿಗೆ ಬೂಷ್ಟು ಹಿಡಿದಿತ್ತು. ಮನೆಗಳಲ್ಲಿದ್ದ ಬೀಜವನ್ನೆಲ್ಲ ಜನ ಮೊದಲೇ ಅಲ್ಲಿಗೆ ತಂದಿಟ್ಟಿದ್ದರು. ಮಂಚದ ಕೆಳಗಿನ ಕಾಯಿಗಳೊಳಗಿನ ಬೀಜ ಒಳಗೇ ಮೊಳೆತು ಹಾಳಾಗಿತ್ತು. ಆರಿಸಿದಾಗ ಒಳ್ಳೆಯದಾಗಿ ಉಳಿದದ್ದು ಒಂಬತ್ತು. ಹುಟ್ಟಿದ್ದು ಎರಡು ಬಳ್ಳಿ.

ಇದಿಷ್ಟನ್ನೂ ಅತ್ತೆ ಹೇಳಿದ್ದರು. ಒಂದನ್ನು ಮಾತ್ರ ಹೇಳಿರಲಿಲ್ಲ. ಹೇಳಬೇಕು ಎಂದು ಅವರಿಗೆ ಹೊಳೆದಿರಲಿಲ್ಲ, ಯಾಕೆಂದರೆ ಅಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಒಂದು ಮುಂಜಾನೆ ಮಗು ಬೇಗ ಎದ್ದು ರಚ್ಚೆ ಹಿಡಿಯಿತು. ಅವಳು ಎತ್ತಿಕೊಂಡು ಹಿತ್ತಲಿಗೆ ಇಳಿದಳು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಕುಂಬಳದ ಎಲೆಗಳ ನಡುವೆ ಅವಳ ಕಣ್ಣು ನಿಂತಿತು. ಅರಳಬೇಕಾದ ಏಳೆಂಟು ಹೂಗಳ ಬಾಯಿಗೆ ಯಾರೋ ದಾರ ಸುತ್ತಿ ಗಂಟು ಹಾಕಿದ್ದರು. ಹಳದಿ ದಳಗಳು ಒಳಗಿನಿಂದ ಒತ್ತಿಕೊಂಡು, ಉಬ್ಬಿ, ಉಸಿರು ಕಟ್ಟಿದಂತೆ ಕಾಣುತ್ತಿದ್ದವು. ಮಕ್ಕಳ ಕಿಡಿಗೇಡಿತನ! ಜೇನು ಒಳಗೆ ಹೋಗದಿದ್ದರೆ ಕಾಯಿ ಕಟ್ಟುವುದು ಹೇಗೆ? ಅಷ್ಟು ಅವಳೂ ಓದಿದ್ದಳು. ಮಗುವಿನ ಉಗುರು ತೆಗೆಯುವ ಪುಟ್ಟ ಕತ್ತರಿ ನೈಟಿಯ ಜೇಬಿನಲ್ಲೇ ಇತ್ತು. ಮಗುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದಳಕ್ಕೆ ಗಾಯವಾಗದಂತೆ ಒಂದೊಂದೇ ದಾರ ಕತ್ತರಿಸಿದಳು. ಹೂಗಳು ನಿಧಾನವಾಗಿ ಬಿಚ್ಚಿಕೊಂಡವು. ಜೇನು ಬಂತು. ಬಹಳ ದಿನಗಳ ಮೇಲೆ ಅವಳಿಗೆ ಒಂದು ಒಳ್ಳೆಯ ಕೆಲಸ ಮಾಡಿದ ಹಾಗನಿಸಿತು.

ಅರ್ಧ ಗಂಟೆಯ ಮೇಲೆ ಹಿತ್ತಲಿನಿಂದ ಟೈಲರಮ್ಮನ ದನಿ ಮೇಲಕ್ಕೆ ಬಂತು. "ಯಾವ ಪುಣ್ಯಾತ್ಮರ ಕೆಲ್ಸ ಇದು?"

ಅವಳು ಅತ್ತೆಯ ಹಿಂದೆ ಇಳಿದು ಹೋದಳು. ನಾಲ್ಕಾರು ಮನೆಯವರು ಆಗಲೇ ಸೇರಿದ್ದರು. ಟೈಲರಮ್ಮ ಪಾತಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತರಿಸಿದ ದಾರದ ತುಂಡುಗಳನ್ನು ಅಂಗೈಯಲ್ಲಿ ಹಿಡಿದಿದ್ದರು.

"ನಿನ್ನೆ ಸಂಜೆ ಕಟ್ಟಿದ್ದೆ," ಎಂದರು ಯಾರಿಗೂ ಅಲ್ಲದ ಹಾಗೆ. "ಮೂರು ಹೆಣ್ಣು ಹೂ, ಐದು ಗಂಡು. ಈಗ ಬಿಚ್ಚಿ, ನಾನೇ ಕೂಡಿಸ್ಬೇಕಿತ್ತು."

ಪಕ್ಕದ ಹೊಸ ಅಪಾರ್ಟ್‌ಮೆಂಟಿನವರು ಬೇಲಿಯ ತುಂಬ ಅಂದಕ್ಕೆಂದು ಪುಟ್ಟ ಕುಂಬಳದ ಬಳ್ಳಿ ಹಬ್ಬಿಸಿದ್ದರು. ಜೇನಿಗೆ ಕಾಂಪೌಂಡ್ ಗೋಡೆ ಯಾವ ಲೆಕ್ಕ? ಅಲ್ಲಿನ ಪರಾಗದ ಪುಡಿ ಇಲ್ಲಿಯ ಹೂವಿಗೆ ಬಿದ್ದರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಒಳಗಿನ ಬೀಜ ಕುಲಗೆಡುತ್ತದೆ. ಮೂರು ವರ್ಷದ ಹಿಂದೆ ಹಾಗಾಗಿ, ಒಂದು ತಿಂಗಳಿಗೇ ಕೊಳೆಯುವ ನೀರುಗಾಯಿ ಬಂದಿದ್ದವು. ಅಂದಿನಿಂದ ಬೀಜಕ್ಕೆಂದು ಬಿಡುವ ಹೂಗಳಿಗೆ ದಾರ.

"ಮೂರೂ ಹೋಯ್ತಾ?" ಅತ್ತೆಯ ದನಿ ಇಳಿದಿತ್ತು. "ಮಕ್ಕಳ ಕೆಲ್ಸಾನೇ ಇರ್ಬೇಕು."

ಸೊಸೆಯ ಕೈ ತಾನಾಗಿಯೇ ನೈಟಿಯ ಜೇಬನ್ನು ಮುಚ್ಚಿತು.

ಟೈಲರಮ್ಮ ಅದನ್ನು ನೋಡಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದರು. "ಇಲ್ಲಿ ಜೇಬು."

ಅವಳು ಜೇಬಿನಿಂದ ಕತ್ತರಿ ತೆಗೆದಳು. "ನಾನೇ ಟೈಲರಮ್ಮ. ಯಾರೋ ಹೂಗಳ ಕತ್ತು ಹಿಸುಕಿದಾರೆ ಅಂದ್ಕೊಂಡೆ. ನಂಗೆ... ಹೂವಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇರುತ್ತೆ ಅಂತಾನೂ ಗೊತ್ತಿರ್ಲಿಲ್ಲ."

"ಮಗು ಹೆತ್ತಿದೀಯ, ಇದು ಗೊತ್ತಿಲ್ವಾ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಟೈಲರಮ್ಮ ನಗಲಿಲ್ಲ. ಒಂದು ಹೂವನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಎಂಟು ಗಂಟು ಕತ್ತರಿಸಿದೀಯ. ಒಂದು ದಳಾನೂ ಹರಿದಿಲ್ಲ," ಎಂದರು. "ನಾನು ಕಟ್ಟುವಾಗ ಇನ್ನೆರಡು ಹೂ ಹರಿದು ಹಾಳು ಮಾಡಿದ್ದೆ. ಈ ಕಣ್ಣಿಗೆ ಪೊರೆ ಬಂದಿದೆ. ಸಂಜೆ ಐದಕ್ಕೆ ಬಾ. ತಪ್ಪಿಸ್ಕೊಂಡೆಯೋ, ನಿನ್ನ ರವಿಕೆ ಅಳತೆ ಮೈಕಲ್ಲಿ ಹೇಳ್ತೀನಿ."

ಬೈಗುಳಕ್ಕೆ ಸಿದ್ಧವಾಗಿದ್ದ ಅವಳು ಕತ್ತರಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ತಲೆಯಾಡಿಸಿದಳು.

ಸಂಜೆ ಇಬ್ಬರೂ ಎರಡು ಬಳ್ಳಿಗಳ ಕೆಳಗೆಲ್ಲ ಹುಡುಕಿದರು. ಗಂಡು ಮೊಗ್ಗು ಬೇಕಾದಷ್ಟು. ಹೆಣ್ಣು ಮೊಗ್ಗಿನ ಕೆಳಗೆ ನೆಲ್ಲಿಕಾಯಿಯಷ್ಟು ಹೀಚು ಇರುತ್ತದೆ. ಅಂಥದ್ದು ಗೋಡೆಯ ಮೂಲೆಯಲ್ಲಿ ಒಂದೇ ಒಂದು ಸಿಕ್ಕಿತು. ತುದಿಯಲ್ಲಿ ಹಳದಿ ಇಣುಕಿತ್ತು, ಅಂದರೆ ನಾಳೆ ಅರಳುತ್ತದೆ.

"ಇದೇ ಕೊನೇದು ಅಂದ್ಕೋ," ಎಂದರು ಟೈಲರಮ್ಮ. "ಇನ್ನೊಂದು ಬರೋ ಹೊತ್ತಿಗೆ ಮಳೆ ಹಿಡಿಯುತ್ತೆ. ಮಳೇಲಿ ಹೂವು ಕೊಳೆಯುತ್ತೆ."

"ಒಂದರಿಂದ ಏನಾಗುತ್ತೆ ಟೈಲರಮ್ಮ?"

"ಒಂದು ಕಾಯಲ್ಲಿ ಮುನ್ನೂರು ಬೀಜ ಕಣೇ ಹುಡುಗಿ. ಮನೆಗೆ ಏಳು. ಒಂದು ಬೀಜಕ್ಕೆ ನಾಲ್ಕು ಕಾಯಿ ಅಂದ್ರೂ ಎಷ್ಟಾಯ್ತು, ಡಿಗ್ರಿ ಓದಿದೀಯಲ್ಲ, ಹೇಳು."

ಅವಳು ಮನಸ್ಸಿನಲ್ಲೇ ಗುಣಿಸಿದಳು. ಸಾವಿರದ ಮೇಲೆ ಹೋಯಿತು. ಎದುರಿಗಿದ್ದದ್ದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಮೊಗ್ಗು. ನಲವತ್ತೆರಡು ಮನೆಯ ಒಂದು ವರ್ಷದ ಊಟ ಅದರೊಳಗೆ ಮಡಚಿಕೊಂಡು ಕೂತಿದೆ ಎಂದು ಅವಳಿಗೆ ಹೊಳೆಯಿತು. ಮೊದಲು ಒಂದು ಗಂಡು ಮೊಗ್ಗಿಗೆ, ಆಮೇಲೆ ಅದಕ್ಕೆ ದಾರ ಸುತ್ತಿದಳು.

"ಬಿಗಿ ಬೇಡ. ಮಗೂಗೆ ಕುಲಾವಿ ಕಟ್ಟೋ ಹಾಗೆ ಕಟ್ಟು," ಎಂದರು ಟೈಲರಮ್ಮ.

ಬೆಳಗ್ಗೆ ಆರಕ್ಕೆ ಅವಳು ಕೆಳಗಿಳಿದಾಗ ಟೈಲರಮ್ಮ ಆಗಲೇ ಕೂತಿದ್ದರು. ಗಂಡು ಹೂವಿನ ದಾರ ಬಿಚ್ಚಿ, ದಳ ಕಿತ್ತು, ನಡುವಿನ ಪುಡಿ ತುಂಬಿದ ಕಡ್ಡಿಯನ್ನು ಅವಳ ಕೈಗಿತ್ತರು. "ಹೆಣ್ಣು ಹೂವು ಬಿಚ್ಚು. ಒಳಗೆ ಮುಟ್ಟಿಸು. ಒತ್ಬೇಡ." ಅವಳು ಮುಟ್ಟಿಸಿದಳು. ಹಳದಿ ಪುಡಿ ಅಂಟಿಕೊಂಡಿತು. ಮತ್ತೆ ದಾರ ಕಟ್ಟುವಷ್ಟರಲ್ಲಿ ಅವಳ ಮಣಿಕಟ್ಟಿನ ಮೇಲೆ ಒಂದು ಹನಿ ಬಿತ್ತು.

ಮಳೆ! ಎಲ್ಲರ ಲೆಕ್ಕಕ್ಕಿಂತ ಒಂದು ವಾರ ಮೊದಲೇ.

ಅವಳು ತನ್ನ ದುಪಟ್ಟಾ ಹಿಡಿದಳು. ಅದು ಎರಡು ನಿಮಿಷಕ್ಕೆ ತೊಯ್ದಿತು. ಟೈಲರಮ್ಮ ತಲೆಯೆತ್ತಿ ಒಂದೇ ಸಲ ಕೂಗಿದರು: "ಛತ್ರಿ ತನ್ನಿ!"

ಸೊಂಟದಳತೆ ಕೂಗಿ ಪಳಗಿದ ಗಂಟಲು. ಕಿಟಕಿಗಳು ತೆರೆದವು. ಮೊದಲು ಬಂದದ್ದು ಅತ್ತೆ, ಬಾಯಲ್ಲಿ ಬ್ರಷ್ಷಿತ್ತು. ಆಮೇಲೆ ಒಂದನೇ ಮಹಡಿಯ ಮೇಷ್ಟರು ಲುಂಗಿಯಲ್ಲೇ. ಹೂವು ಮಧ್ಯಾಹ್ನ ತಾನಾಗಿ ಮುದುರುವವರೆಗೆ ಒಳಗೆ ನೀರು ಇಳಿಯಬಾರದು ಎಂದರು ಟೈಲರಮ್ಮ. ಮನೆಗೆ ಹತ್ತು ನಿಮಿಷ ಎಂದು ಗೊತ್ತಾಯಿತು. ಯಾರು ಗೊತ್ತು ಮಾಡಿದರೆಂದು ಕೇಳಿದರೆ ಯಾರಿಗೂ ನೆನಪಿಲ್ಲ. ಆಫೀಸಿಗೆ ಹೊರಟವರು ಟೈ ಕಟ್ಟಿಕೊಂಡು ತಮ್ಮ ಹತ್ತು ನಿಮಿಷ ನಿಂತರು. ಒಂದೇ ನಲ್ಲಿಗಾಗಿ ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಯ ಹೆಂಗಸರು, ಒಬ್ಬರ ಕೈಯಿಂದ ಇನ್ನೊಬ್ಬರು ಛತ್ರಿಯ ಹಿಡಿ ಇಸಿದುಕೊಂಡರು.

"ನನ್ನ ಮದ್ವೆಲೂ ಇಷ್ಟು ಜನ ನನ್ನ ತಲೆ ಮೇಲೆ ಛತ್ರಿ ಹಿಡೀಲಿಲ್ಲ," ಎಂದರು ಅತ್ತೆ.

"ನಿಮ್ಮ ಹೊಟ್ಟೇಲಿ ಮುನ್ನೂರು ಬೀಜ ಇರ್ಲಿಲ್ವಲ್ಲ," ಎಂದರು ಮೇಷ್ಟರು.

ಸೊಸೆ ಮೆಟ್ಟಿಲ ಬಳಿ ನಿಂತು ನೋಡುತ್ತಲೇ ಇದ್ದಳು. ಧೋ ಎನ್ನುವ ಮಳೆ. ಅದರ ನಡುವೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಛತ್ರಿ. ಅದನ್ನು ಹಿಡಿಯಲು ದೊಡ್ಡವರೆಲ್ಲ ಸರದಿಯ ಮೇಲೆ ಬಾಗುತ್ತಿದ್ದರು. ಇದನ್ನೆಲ್ಲ ಇಷ್ಟು ವರ್ಷ ಮೆಟ್ಟಿಲ ಕೆಳಗಿನ ಒಂದು ಗೂಡು ನಡೆಸಿತೇ ಎಂದು ಅವಳಿಗೆ ಕಣ್ಣು ಮಂಜಾಯಿತು.

ಪುಡಿ ಹತ್ತದಿದ್ದರೆ ಹೀಚು ನಾಲ್ಕೈದು ದಿನದಲ್ಲಿ ಹಳದಿಯಾಗಿ ಉದುರುತ್ತದೆ ಎಂದಿದ್ದರು ಟೈಲರಮ್ಮ. ಅವಳು ದಿನವೂ ಬೆಳಗ್ಗೆ ಮಗುವನ್ನೆತ್ತಿಕೊಂಡು ಇಳಿದು ಎಲೆ ಸರಿಸಿ ನೋಡಿದಳು. ಎರಡನೆಯ ದಿನ ಹಸಿರು. ಮೂರನೆಯ ದಿನ ಬುಡದಲ್ಲಿ ಸ್ವಲ್ಪ ಮಂಕು ಕಂಡು ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ನೋಡಲು ಧೈರ್ಯವಿಲ್ಲದೆ ಅತ್ತೆಯನ್ನು ಕಳಿಸಿದಳು. "ಇದೆ," ಎಂದಷ್ಟೇ ಹೇಳಿ ಅತ್ತೆ ಒಲೆಯ ಮೇಲೆ ಹಾಲಿಟ್ಟರು.

ಆರನೆಯ ದಿನ ಟೈಲರಮ್ಮ ಅಲ್ಲೇ ಕೂತಿದ್ದರು. ಕಾಯಿ ಮುಷ್ಟಿಯಷ್ಟಾಗಿತ್ತು. ಒಣಗಿದ ಹೂವು ಇನ್ನೂ ತುದಿಗೆ ಅಂಟಿಕೊಂಡಿತ್ತು, ದಾರದ ಸಮೇತ. ಅವರು ಒಡೆದ ಹೆಂಚಿನ ತುಂಡೊಂದನ್ನು ಮೆಲ್ಲಗೆ ಕಾಯಿಯ ಅಡಿಗೆ ಸರಿಸಿದರು, ನೆಲದ ತೇವ ತಾಗದಿರಲೆಂದು.

"ನಿಂತಿದೆ," ಎಂದರು.

"ಇನ್ನೇನು ಮಾಡ್ಬೇಕು?"

"ಇನ್ನು ಐವತ್ತು ದಿನ ಏನೂ ಮಾಡ್ಬಾರ್ದು. ಅದರ ಕೆಲ್ಸ ಅದು ಮಾಡ್ಕೊಳ್ಳುತ್ತೆ."

ಏನೂ ಮಾಡದಿರುವುದು ಅವಳಿಗೆ ಬಾರದ ವಿದ್ಯೆ. ಟೈಲರಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಮೆಷಿನ್ನಿನ ಸದ್ದು ಕೇಳಿತು. ಅವಳು ಅಲ್ಲೇ ಕೂತಳು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು. ಮಗು ಎಲೆ ಹಿಡಿಯಲು ಕೈ ಚಾಚಿತು. ಮಣ್ಣು, ಕ್ರಿಮಿ ಎಂದು ಯಾವಾಗಲೂ ಹಿಂದಕ್ಕೆಳೆಯುವ ಕೈಯನ್ನು ಅವಳು ಆ ಹೊತ್ತು ಎಳೆಯಲಿಲ್ಲ. ಹೆಂಚಿನ ಮೇಲೆ ಕೂತ ಹಸಿರು ಮುಷ್ಟಿಯನ್ನೇ ನೋಡುತ್ತಿದ್ದಳು.